ಊಟದ ಹೊತ್ತಿಗೆ ಆರುವ ಕೆಂಪು ದೀಪಗಳು

ಸಾಮ್‌ಚೊನ್‌ಪೊ
ಅಕ್ಟೋಬರ್ 17, ಗುರುವಾರ

ಪ್ರೀತಿಯ ಬೊಮ್‌ಸು ಅಣ್ಣಾ,

ಅದಕ್ಕೇ ನೀನು ಬಸ್ಸು ಹತ್ತುವಾಗಲೇ ಹೇಳಿದ್ದು, ಬೂಟಿನೊಳಗೆ ಎರಡು ಜೊತೆ ಕಾಲುಚೀಲ ಹಾಕಿಕೋ ಎಂದು. ಕೇಳಿದೆಯಾ? ಹಿಮ್ಮಡಿಯ ಬೊಬ್ಬೆ ಒಣಗಿತೇ? ಬೋಳು ತಲೆಗೆ ಚಳಿ ಹತ್ತುತ್ತಿಲ್ಲ ತಾನೇ? ತರಬೇತಿ ಶಿಬಿರದವರು ಕಳಿಸಿದ ಫೋಟೊದಲ್ಲಿ ನೂರೆಂಬತ್ತು ಜನರೂ ಒಂದೇ ಥರ ಕಾಣುತ್ತೀರಿ. ಅಮ್ಮ ಮೂರನೇ ಸಾಲಿನ ಯಾರನ್ನೋ ತೋರಿಸಿ, "ನೋಡೇ, ನನ್ ಮಗ ಹೆಂಗ್ ಸೊರಗಿ ಹೋಗಿದಾನೆ" ಎಂದು ಅರ್ಧ ಗಂಟೆ ಅತ್ತಳು. ಆಮೇಲೆ ನೋಡಿದರೆ ನೀನಿದ್ದದ್ದು ಎರಡನೇ ಸಾಲಿನಲ್ಲಿ, ಮೊದಲಿನಷ್ಟೇ ದುಂಡಗೆ. ನಿನ್ನ ಕೋಣೆಯಲ್ಲಿ ಈಗ ಕೆಂಪು ಮೆಣಸಿನಕಾಯಿ ಒಣಗುತ್ತಿದೆ. ಹಾಸಿಗೆಯನ್ನೂ ಬಿಟ್ಟಿಲ್ಲ.

ಇನ್ನು ಆಫೀಸಿನ ಸುದ್ದಿ. ನೀನು ಬಿಟ್ಟುಹೋದ ಕುರ್ಚಿಯಲ್ಲಿ ಕೂತು ಎರಡು ತಿಂಗಳಾಯಿತು, ಆದರೂ ನಮ್ಮ ವಿಭಾಗದ ಮುಖ್ಯಸ್ಥ ಪ್ಯೊ ನನ್ನನ್ನು ಹೆಸರು ಹಿಡಿದು ಕರೆದಿಲ್ಲ. "ಬೊಮ್‌ಸು ತಂಗಿ, ಇಲ್ ಬಾ" ಅಷ್ಟೇ. ಕಳೆದ ಸೋಮವಾರ ಹಾಗೆ ಕರೆದದ್ದು ನೀನು ಹೋಗುವ ಮುಂಚೆ ಗೊತ್ತುಮಾಡಿಟ್ಟ ಕಂಪ್ಯೂಟರ್ ಅಪ್‌ಗ್ರೇಡ್ ವಿಷಯಕ್ಕೆ. ಸಂಜೆ ಆರಾದರೆ ಯಾರೂ ಹೆಚ್ಚು ಹೊತ್ತು ದುಡಿಯದಿರಲೆಂದು ಕಂಪನಿಯೇ ಎಲ್ಲ ಕಂಪ್ಯೂಟರುಗಳನ್ನೂ ಮುಚ್ಚಿಸುತ್ತದಲ್ಲ, ಅದಕ್ಕೇ ನೀನು ಹೊಸ ಆಪರೇಟಿಂಗ್ ಸಿಸ್ಟಂ ತಾನಾಗಿಯೇ ಇಳಿಯುವ ವೇಳೆಯನ್ನು ಮಧ್ಯಾಹ್ನ ಹನ್ನೆರಡಕ್ಕೆ, ಎಲ್ಲರೂ ಊಟಕ್ಕೆ ಹೋದಾಗ, ಎಂದು ಇಟ್ಟೆ. ನನ್ನ ಕಣ್ಣಿಗೆ ಅದು ಬಹಳ ಚಂದದ ಉಪಾಯ. ಆದರೆ ಮೂವತ್ತೆಂಟು ಕಂಪ್ಯೂಟರುಗಳಲ್ಲಿ ಮೂವತ್ತೇಳು ಪ್ರತಿ ಮಧ್ಯಾಹ್ನ ಅರ್ಧಕ್ಕೆ ನಿಂತು, ಮತ್ತೆ ಹಳೆಯದಕ್ಕೇ ಮರಳುತ್ತಿದ್ದವು. ಊಟ ಮುಗಿಸಿ ಬಂದವರು ಇನ್ನೊಂದು ಅರ್ಧ ಗಂಟೆ ಪರದೆ ನೋಡುತ್ತಾ ಹಲ್ಲು ಕಡಿಯುತ್ತಿದ್ದರು. ಅತ್ತ ಹೊಸ ಸಿಸ್ಟಂ ಇಲ್ಲದ ಯಂತ್ರಗಳನ್ನು ಇಪ್ಪತ್ತೊಂದರ ಸೋಮವಾರದಿಂದ ಜಾಲದಿಂದಲೇ ಕಿತ್ತು ಹಾಕುತ್ತೇವೆಂದು ಹೆಡ್ ಆಫೀಸು ಬರೆದಿತ್ತು. "ಸರಿ ಮಾಡು. ಅಷ್ಟೇ ಅಲ್ಲ, ಯಾರ ತಪ್ಪು ಅಂತ ವರದಿ ಕೊಡು. ಹೆಸರಿನ ಖಾನೆ ಖಾಲಿ ಬಿಟ್ರೆ ಆ ಫಾರ್ಮು ಮುಂದಕ್ಕೇ ಹೋಗಲ್ಲ," ಎಂದರು ಪ್ಯೊ.

ಕಂಪ್ಯೂಟರು ಕೆಲಸದವರ ನಮ್ಮ ಚಾಟ್ ಗುಂಪಿನಲ್ಲಿ ಕೇಳಿದೆ. ಒಬ್ಬ ಡಿಸ್ಕ್ ತುಂಬಿದೆ ಅಂದ, ಇನ್ನೊಬ್ಬ ಪ್ರಿಂಟರಿನ ಡ್ರೈವರ್ ಹಳೆಯದು ಅಂದ, ಮತ್ತೊಬ್ಬ ನಾಯಿಯ ಚಿತ್ರ ಹಾಕಿ ಮಲಗಿದ. ಎಲ್ಲ ಮಾಡಿ ನೋಡಿದೆ. ನಿನ್ನ ಹಳೆಯ ಸಂದೇಶಗಳನ್ನು ಮೊದಲಿನಿಂದ ಓದಿದೆ. "ಯಂತ್ರ ಸುಳ್ಳು ಹೇಳಲ್ಲ, ಹೊತ್ತು ನೋಡು" ಎಂದು ಒಮ್ಮೆ ಬರೆದಿದ್ದೆ, ನೆನಪಿದೆಯಾ? ಯಾವ ಯಂತ್ರ ಎಷ್ಟಕ್ಕೆ ನಿಂತಿತೆಂದು ಸರ್ವರಿನ ದಾಖಲೆಯಲ್ಲಿ ಹೊತ್ತು ನೋಡಿದೆ. ಕಿಟಕಿ ಸಾಲಿನ ಮೊದಲ ಮೇಜು ಹನ್ನೆರಡು ಇಪ್ಪತ್ತಕ್ಕೆ ಸತ್ತಿದೆ. ಪಕ್ಕದ್ದು ಅದಾಗಿ ಎಂಟು ಸೆಕೆಂಡಿಗೆ. ಅದರ ಪಕ್ಕದ್ದು ಇನ್ನೆಂಟು ಸೆಕೆಂಡಿಗೆ. ಅಣ್ಣಾ, ನೀನೇ ಹೇಳು. ಡಿಸ್ಕು ಮೇಜಿನ ಸಾಲು ಹಿಡಿದು ತುಂಬುತ್ತದೆಯೇ? ಇದು ಯಾರೋ ನಡೆದುಕೊಂಡು ಹೋದ ಲೆಕ್ಕ. ಬದುಕಿ ಉಳಿದ ಒಂದೇ ಯಂತ್ರ ಮಾರಾಟ ವಿಭಾಗದ ಗೊಂಗ್‌ಳದು. ಮೈ ಇಳಿಸಲು ಹೊರಟಿರುವ ಅವಳು ಊಟಕ್ಕೆ ಹೋಗುವುದಿಲ್ಲ, ಮೇಜಿನಲ್ಲೇ ಕೂತು ಬೇಯಿಸಿದ ಗೆಣಸು ತಿನ್ನುತ್ತಾಳೆ.

ಮಂಗಳವಾರ ನಾನೂ ಊಟ ಬಿಟ್ಟು ಕಡತದ ಕಪಾಟಿನ ಹಿಂದೆ ನಿಂತೆ. ದೀಪ ಆರಿಸಿ ಎಲ್ಲರೂ ಹೋದರು. ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ನೆಲ ಒರೆಸುವ ಮಾಲ್‌ಸುನ್, ಇಡೀ ಆಫೀಸಿನ ಚಿಕ್ಕಮ್ಮ, ಬಂದರು. ಒಂದು ಕೈಯಲ್ಲಿ ನೆಲ ಒರೆಸುವ ಕೋಲು. ಪ್ರತಿ ಮೇಜಿನ ಕೆಳಗೂ ರಬ್ಬರ್ ಚಪ್ಪಲಿಯ ತುದಿಯಿಂದ ಕಂಪ್ಯೂಟರಿನ ಪ್ಲಗ್ ಬೋರ್ಡಿನ ಸ್ವಿಚ್ಚು ಒತ್ತಿ, ಕೆಂಪು ದೀಪ ಆರಿಸಿ, ಒಂದೇ ಎಳೆತಕ್ಕೆ ನೆಲ ಒರೆಸಿ, ಮುಂದಿನ ಮೇಜು. ಗೊಂಗ್ ಹತ್ತಿರ ಬಂದಾಗ ಮಾತ್ರ "ನೀ ತಿನ್ನಮ್ಮ, ನಿಂದ್ ಬಿಡ್ತೀನಿ" ಎಂದು ದಾಟಿ ಹೋದರು. ಎಷ್ಟು ದಿನದಿಂದ ಹೀಗೆ ಎಂದು ಆಮೇಲೆ ಗೊಂಗ್‌ಳನ್ನು ಕೇಳಿದರೆ, "ಅಯ್ಯೋ, ಎರಡು ವರ್ಷದಿಂದ. ನಿಂಗೊತ್ತಿಲ್ವಾ?" ಅಂದಳು. ಮಾಳಿಗೆಯ ಸರ್ವರ್ ಕೋಣೆಯಲ್ಲಿ ಕೂರುವ ನನಗೆ ಹೇಗೆ ಗೊತ್ತಾಗಬೇಕು? ಊಟದಿಂದ ಬಂದು ಸ್ವಿಚ್ಚು ಹಾಕುವುದು ಅವರಿಗೆ ಕೈ ತೊಳೆದಷ್ಟೇ ರೂಢಿ. ಹೇಳಬೇಕಾದ ಸಂಗತಿ ಎಂದು ಯಾರಿಗೂ ಅನಿಸಿಯೇ ಇಲ್ಲ.

ನಾನು ಹೊರಬಂದು ಮೆಲ್ಲಗೆ ವಿಷಯ ತಿಳಿಸಿದೆ, ವರದಿಯ ಮಾತನ್ನೂ. ಚಿಕ್ಕಮ್ಮ ಕೋಲು ಗೋಡೆಗೆ ಒರಗಿಸಿದರು. ಮದುವೆಗೆ ಮುಂಚೆ ಅವರು ದೋಣಿಯಲ್ಲಿ ಮೀನನ್ನು ಬುಟ್ಟಿಗೆ ತುಂಬಿ ಬೇಯಿಸುತ್ತಿದ್ದವರಲ್ಲವೇ, ತಟ್ಟನೆ ಕೇಳಿದರು: "ಅಂದ್ರೆ ಬೇಯೋ ಮೀನಿನ ಬುಟ್ಟೀನ ದಿನಾ ನಾನು ಅರ್ಧಕ್ಕೇ ಎತ್ತಿಬಿಡ್ತಿದ್ನಾ?" ಅದಕ್ಕಿಂತ ಚೆನ್ನಾಗಿ ನನ್ನ ಗುಂಪಿನಲ್ಲಿ ಯಾರೂ ವಿವರಿಸಿರಲಿಲ್ಲ. ಆಮೇಲೆ ಸಣ್ಣ ದನಿಯಲ್ಲಿ, "ಇದನ್ನ ಬರೀತೀಯೇನಮ್ಮ?" ಎಂದರು. ಈ ತಿಂಗಳ ಕೊನೆಗೆ ಅವರ ಗುತ್ತಿಗೆ ಮುಗಿಯುತ್ತದೆ. ಅರವತ್ತನಾಲ್ಕು ದಾಟಿದವರ ಮೇಲೆ ಒಂದು ದೂರು ಬಂದರೆ ಸಾಕು, ಗುತ್ತಿಗೆಯವರು ಬೇರೆಯವರನ್ನು ಕಳಿಸುತ್ತಾರೆ. ನಾನು ಅವರ ಬಕೆಟ್ಟಿನ ನೀರು ಬದಲಿಸಿ ಕೊಟ್ಟೆ.

ಬುಧವಾರ ಏನಾಯಿತು ಗೊತ್ತೇ? ಹನ್ನೆರಡಕ್ಕೆ ಚಿಕ್ಕಮ್ಮ ಬಾಗಿಲಿಗೆ ಅಡ್ಡ ಕೋಲು ಹಿಡಿದು ಕೂತರು. ಮೊಬೈಲು ಮರೆತಿದ್ದ ಪ್ಯೊ ಅರ್ಧ ದಾರಿಯಿಂದ ವಾಪಸು ಬಂದರೆ ಅವರನ್ನೂ ಬಿಡಲಿಲ್ಲ. "ಒಳಗೆ ಬೇಯ್ತಾ ಇದೆ, ಸಾಹೇಬ್ರೇ. ಒಂದು ಗಂಟೆ ತಡೀರಿ. ನಿಮ್ ಫೋನೇನು ಹಸ್ಕೊಂಡು ಅಳ್ತಿದ್ಯಾ?" ಪ್ಯೊ ಹೋಗಿ ಮೆಟ್ಟಿಲ ಮೇಲೆ ಕೂತರು. ಒಂದು ಗಂಟೆಗೆ ಮೂವತ್ತೇಳಕ್ಕೆ ಮೂವತ್ತೇಳೂ ಹೊಸ ಪರದೆ ತೋರಿಸಿದವು. ನಾನು ಕುಣಿಯುವುದೊಂದು ಬಾಕಿ. ಪ್ಯೊ ಕೂಡ ನಕ್ಕರು, ನಗುತ್ತಲೇ, "ಹೆಸರು ಮಾತ್ರ ಸೋಮವಾರ ಬೆಳಗ್ಗೆ ನನ್ ಮೇಜ್ ಮೇಲಿರ್ಬೇಕು," ಎಂದರು.

ಅಮ್ಮ ನಿನಗೆ ಮರೆಯದೆ ಹಣ್ಣು ತಿನ್ನಲು ಹೇಳಿದ್ದಾಳೆ. ಬಂದೂಕು ಬಿಚ್ಚಿ ಜೋಡಿಸುವಾಗ ಸ್ಕ್ರೂ ಉಳಿಸಬೇಡ, ಮನೆಯ ಫ್ಯಾನಿಗೆ ಮಾಡಿದ ಹಾಗೆ. ಕಾಲು ಬೇಗ ವಾಸಿಯಾಗಲಿ, ರಾತ್ರಿ ಪಾಳಿ ನಿನ್ನ ಪಾಲಿಗೆ ಕಡಿಮೆ ಬರಲಿ.

ನಿನ್ನ ಬೊಬ್ಬೆಗಿಂತ ಹೆಚ್ಚು ಕಾಟ ಕೊಡುವ ತಂಗಿ,
ದಾಸೋಲ್

ಮರೆತಿದ್ದೆ: ಸ್ವಿಚ್ಚು ಆರಿಸಲು ಹೇಳಿಕೊಟ್ಟವರು ಯಾರು ಎಂದು ಇವತ್ತು ಚಿಕ್ಕಮ್ಮನನ್ನು ಕೇಳಿದೆ. ಹೇಳಲು ಒಪ್ಪಲೇ ಇಲ್ಲ. "ಒಳ್ಳೆ ಹುಡುಗ, ಸೈನ್ಯದಿಂದ ಬಂದ್ಮೇಲೆ ಅದೇ ಕೆಲ್ಸ ಅವನಿಗೆ ಬೇಕಲ್ವಾ, ಬಿಡು," ಎಂದಷ್ಟೇ ಹೇಳಿ ಒರೆಸುವ ಬಟ್ಟೆ ಹಿಂಡಿದರು. ಗೊಂಗ್ ಹೇಳಿದಳು. ಎರಡು ವರ್ಷದ ಹಿಂದೆ, ಊಟಕ್ಕೆ ಓಡುವ ಅವಸರದಲ್ಲಿ, "ಚಿಕ್ಕಮ್ಮಾ, ಯಾರೂ ಇಲ್ದಾಗ ಈ ಕೆಂಪು ದೀಪಗಳು ಸುಮ್ನೆ ಕರೆಂಟ್ ತಿಂತವೆ, ಒಂಚೂರು ಆರಿಸಿಬಿಡಿ" ಎಂದವನು ನೀನಂತೆ. ಆಕೆ ಒಂದು ದಿನವೂ ತಪ್ಪಿಸಿಲ್ಲ, ನೀನು ಮರೆತೇಬಿಟ್ಟೆ. ಭಾನುವಾರ ನಿಮಗೆ ಒಂದು ಗಂಟೆ ಫೋನು ಕೈಗೆ ಕೊಡುತ್ತಾರಲ್ಲ, ಅಮ್ಮನಿಗೆ ಮುಂಚೆ ನನಗೆ ಮಾಡು. ಆ ಖಾನೆಯಲ್ಲಿ ನಿನ್ನ ಹೆಸರು ಬರೆಯಲೇ, ಇಲ್ಲ ಚಿಕ್ಕಮ್ಮನ ಹೆಸರನ್ನೇ ಬರಿ ಎಂದು ನಿನ್ನ ಬಾಯಿಂದಲೇ ಹೇಳುತ್ತೀಯಾ?