ಐನ್ ಅಕ್ಷರ ಕೇಳಿದ ಗಿರಾಕಿ

ಅಕ್ಟೋಬರ್ 3, ಗುರುವಾರ

ಬೆಳಿಗ್ಗೆಯಿಂದ ಸೀಮೆಎಣ್ಣೆ, ಹಲ್ಲುಜ್ಜೋ ಬ್ರಶ್ಶು. ಹಸಿರು ಟೈಪ್‌ರೈಟರಿನ ಕಡ್ಡಿಗಳ ಸಂದಿಯಿಂದ ನಲವತ್ತು ವರ್ಷದ ಕೊಳೆ ತೆಗೆದೆ. ಉಗುರೆಲ್ಲ ಕಪ್ಪು. ಇನ್ನೆರಡು ದಿನ ಹೋಗಲ್ಲ.

ನಿನ್ನೆಯೇ ಹಳೇ ಸಾಮಾನು ಮಾರೋ ವೆಬ್‌ಸೈಟಿಗೆ ಹಾಕಿದ್ದೆ. ನಾಲ್ಕು ಫೋಟೊ, ಜೊತೆಗೆ ಯಾವತ್ತಿನ ಹಾಗೆ ಅದರಲ್ಲೇ ಹೊಡೆದ ಒಂದು ಹಾಳೆ. ಮಧ್ಯಾಹ್ನದೊಳಗೆ ಆರ್ಡರ್! ಚೌಕಾಸಿ ಇಲ್ಲ. ಹಣ ಪೂರ್ತಿ ಕಟ್ಟಿಯೂ ಆಗಿದೆ.

ಖುಷಿಯಾಗಬೇಕಿತ್ತು. ಆದರೆ ಅಕೌಂಟ್ ಹುಟ್ಟಿದ್ದೇ ನಿನ್ನೆ. ಮುಖದ ಫೋಟೊ ಇಲ್ಲ. ಹೆಸರಿನ ಜಾಗದಲ್ಲಿ ‘ನಕ್ಷೆ 61’. ಹಣ ಕಟ್ಟಿದ ಕಾರ್ಡು ಯಾರೋ ಫಹ್ಮಿ ಅನ್ನೋರದ್ದು. ಪಾರ್ಸೆಲ್ ಮನೆಗಲ್ಲ, ರೈಲಿನಲ್ಲಿ ಒಂದು ಗಂಟೆ ದೂರದ ದಮನ್‌ಹೂರಿನ ಅಂಚೆ ಕಚೇರಿಗೆ. ಅಲ್ಲೇ ಬಂದು ತಗೋತಾರಂತೆ. ಕೆಳಗೊಂದು ಮೆಸೇಜು:

“ಡಬ್ಬಿಯ ಮೇಲೆ ಟೈಪ್‌ರೈಟರ್ ಅಂತ ಬರೆಯಬೇಡಿ. ಪಾತ್ರೆ ಸಾಮಾನು ಎಂದು ಬರೆಯಿರಿ. ಫೋನ್ ಮಾತ್ರ ಮಾಡಲೇಬೇಡಿ. ಒಂದು ಪ್ರಶ್ನೆ: ಈ ಅರಬ್ಬಿ ಮೆಷಿನ್ನಿನಲ್ಲಿ ಐನ್ ಅಕ್ಷರ ಸಾಲು ಬಿಟ್ಟು ಮೇಲೆ ಹಾರುತ್ತದೆಯೆ?”

ಐನ್ ಹಾರುತ್ತಾ?! ಹತ್ತಿ ಕಂಪನಿಯಲ್ಲಿ ಇಪ್ಪತ್ತಾರು ವರ್ಷ ಟೈಪ್ ಹೊಡೆದೆ. ಹನ್ನೊಂದು ವರ್ಷದಿಂದ ಇಲ್ಲಿ ಹಳೇ ಮೆಷಿನ್ ರಿಪೇರಿ ಮಾಡಿ ಮಾರ್ತಿದೀನಿ. ಎಲ್ಲರೂ ಬಣ್ಣ ಕೇಳ್ತಾರೆ, ತೂಕ ಕೇಳ್ತಾರೆ. ಇದನ್ನ ಯಾರೂ ಕೇಳಿಲ್ಲ.

ಅದೇ ದಿನ, ಸಂಜೆ 5

ಪಕ್ಕದ ಅಂಗಡಿಯ ಲಬೀಬ್ ಚಹಾ ಹಿಡ್ಕೊಂಡು ಬಂದ. ಹಳೇ ಫೋಟೊಗಳ ಚೌಕಟ್ಟು ಮಾರೋನು. ನಮ್ಮ ಇಡೀ ಅತ್ತಾರೀನ್ ಬೀದಿಗೆ ಬುದ್ಧಿ ಹೇಳೋ ಗುತ್ತಿಗೆ ಅವನದ್ದೇ. ಮೆಸೇಜು ತೋರಿಸಿದೆ.

“ದುಡ್ಡು ಬಂತಾ?”

“ಬಂತು.”

“ಮತ್ತೇನಮ್ಮಾ ವಿದಾದ್? ಕಳಿಸು, ಕೈ ತೊಳಕೊ. ಚಾಕು ಮಾರೋನು ಇದು ಟೊಮೇಟೊಗಾ, ಯಾರ ಹೊಟ್ಟೆಗಾ ಅಂತ ಕೇಳ್ತಾನಾ?”

“ಕೊಳ್ಳೋನು ಪೊಟ್ಟಣದ ಮೇಲೆ ಚಮಚ ಅಂತ ಬರಿ ಅಂದ್ರೆ ಕೇಳಬೇಕಲ್ವಾ?”

“ನಿನ್ನ ಮೂಗಿಗೆ ಬೇರೆ ಬಾಡಿಗೆ ಕಟ್ಟಬೇಕು ನೋಡು, ಅಷ್ಟು ಜಾಗ ಹಿಡಿಯುತ್ತೆ,” ಅಂದು ನನ್ನ ಲೋಟದ ಚಹಾನೂ ಅವನೇ ಕುಡಿದು ಹೋದ.

ಅಕ್ಟೋಬರ್ 4, ಶುಕ್ರವಾರ

ರಜೆ. ಮೀನು ಹುರಿದೆ, ಒಂದು ಕಡೆ ಸೀದಿತು. ತಲೇಲಿ ಹುಳ ಬಿಟ್ಟ ಹಾಗಾಗಿದೆ.

ಉತ್ತರ ಬರೆದೆ: ಐನ್ ಹಾರಲ್ಲ, ನೆಟ್ಟಗಿದೆ. ಯಾಕೆ ಕೇಳಿದಿರಿ?

ಐದೇ ನಿಮಿಷ. “ಹಾರುವಂಥದ್ದು ನಿಮ್ಮ ಬಳಿ ಇನ್ನೊಂದಿದೆಯೆ? ಇಲ್ಲವಾದರೆ ಇದೇ ಇರಲಿ. ಎಪ್ಪತ್ತರ ದಶಕದ ಖಾಲಿ ಹಾಳೆ, ಹಳೆಯ ಶಾಯಿ ರಿಬ್ಬನ್ ಇದ್ದರೆ ಅದಕ್ಕೂ ಕೇಳಿದಷ್ಟು ಕೊಡುತ್ತೇನೆ.”

ಹಳೇ ಮೆಷಿನ್. ಹಳೇ ರಿಬ್ಬನ್. ಹಳೇ ಹಾಳೆ. ಇನ್ನೇನು ಉಳೀತು — ಹಳೇ ತಾರೀಖು ಒಂದು.

ಇಷ್ಟು ಅರ್ಥವಾಗದಷ್ಟು ದಡ್ಡಿ ಅಲ್ಲ ನಾನು. ನನಗೇ ಗೊತ್ತಿರೋ ಕೆಲಸ. ಕಂಪನಿಯಲ್ಲಿ ಒಂದು ಮಂಗಳವಾರ ಮ್ಯಾನೇಜರು ಎಂಟು ತಿಂಗಳು ಹಿಂದಿನ ತಾರೀಖು ಹಾಕಿ ಒಂದು ಎಚ್ಚರಿಕೆ ಪತ್ರ ಹೊಡೆಸಿದರು. ಪಕ್ಕದ ಕುರ್ಚಿಯ ಹುಸ್ನಿಯ್ಯಾ ಹೆಸರಿಗೆ. ಹೊಡೆದೆ. ಒಂದು ತಪ್ಪೂ ಇಲ್ಲದೆ. ವಾರದೊಳಗೆ ಅವಳ ಕುರ್ಚಿ ಖಾಲಿ. ಹೇಳಿದ್ದು ಹೊಡೆಯೋದಷ್ಟೇ ನನ್ನ ಕೆಲಸ ಅಂದ್ಕೊಂಡೆ... ಈಗ ಕೇಳಿದ್ದು ಕಳಿಸೋದಷ್ಟೇ ನನ್ನ ಕೆಲಸ ಅಂತಲಾ?

ಅಕ್ಟೋಬರ್ 6, ಭಾನುವಾರ, ಬೆಳಿಗ್ಗೆ 11

ನಾಳೆ ಮಧ್ಯಾಹ್ನದೊಳಗೆ ಕಳಿಸಬೇಕು, ಇಲ್ಲಾ ರದ್ದು ಮಾಡಬೇಕು. ಸೈಟಿನ ನಿಯಮ. ರದ್ದು ಮಾಡಿದರೆ ನನ್ನ ಹೆಸರಿಗೆ ಕಪ್ಪು ಗುರುತು.

ರದ್ದು ಮಾಡಿದರೆ ಯಾರು, ಯಾಕೆ ಅಂತ ಯಾವತ್ತೂ ಗೊತ್ತಾಗಲ್ಲ. ಅದು ಕಪ್ಪು ಗುರುತಿಗಿಂತ ಹಿಂಸೆ.

ಬರೆದೆ: “ಖಾಲಿ ಹಾಳೆ ಯಾರಿಗೂ ಕೊಡಲ್ಲ. ಮೆಷಿನ್ ಯಾಕೆ ಬೇಕು ಅಂತ ಗೊತ್ತಾಗದೆ ಅದನ್ನೂ ಕಳಿಸಲ್ಲ. ಸಂಜೆವರೆಗೆ ಕಾಯ್ತೀನಿ.”

ಮಧ್ಯಾಹ್ನ 2

ಮಾತಿಲ್ಲ. ಒಂದು ಫೋಟೊ ಮಾತ್ರ. ಹಳದಿ ಹಾಳೆಯೊಂದರ ಒಂದೇ ಸಾಲು. ಮಿಕ್ಕಿದ್ದನ್ನ ಯಾರದೋ ಅಂಗೈ ಮುಚ್ಚಿದೆ. ಬಳೆಯಿಲ್ಲದ, ಸುಕ್ಕು ಬಿದ್ದ ಹೆಂಗಸಿನ ಕೈ. ಸಾಲಿನಲ್ಲಿ ‘ಮನೆಯನ್ನು ಮಾರಿರುತ್ತೇನೆ’ ಅಂತಿದೆ. ಪದದ ಮೊದಲಿಗೆ ಬರೋ ಐನ್ ಕೂದಲೆಳೆಯಷ್ಟು ಮೇಲೆ. ಬಲತುದಿ ಚೂರು ಮುರಿದಿದೆ.

ಭೂತಗನ್ನಡಿ ತಂದು ಫೋನಿನ ಮೇಲಿಟ್ಟು ನೋಡಿದೆ. ನೋಡಬೇಕಾಗಿರಲಿಲ್ಲ. ಆ ಐನ್ ನಂದು.

ಹೋದ ಚಳಿಗಾಲ ಒಂದು ಬೂದು ಮೆಷಿನ್ ಬಂದಿತ್ತು, ಐನ್ ಉದುರಿಹೋಗಿತ್ತು. ಗುಜರಿ ಮೆಷಿನ್ ಒಂದರಿಂದ ಕಿತ್ತು ಬೆಸುಗೆ ಹಾಕಿದೆ. ಮೂರು ಸಲ ಬಿಚ್ಚಿ ಹಾಕಿದರೂ ಎಳೆಯಷ್ಟು ಮೇಲೇ ಕೂತಿತು. ಸಾಕು ಅಂತ ಬಿಟ್ಟೆ.

ಮಾರಿದ್ದು ಮಾರ್ಚಿನಲ್ಲಿ. ಹಳೇ ಪಟ್ಟಿ ತೆಗೆದೆ: ಇಂಜಿನಿಯರ್ ಶೌಕತ್. ಕೋಟು ಹಾಕಿದ ಫೋಟೊ, ಪೂರ್ತಿ ವಿಳಾಸ, ಐದು ನಕ್ಷತ್ರ. ‘ತಾಯಿಯ ನೆನಪಿಗಾಗಿ ಕೊಂಡೆ. ಸಹೋದರಿ ವಿದಾದ್ ಅವರಿಗೆ ದೇವರು ಒಳ್ಳೆಯದು ಮಾಡಲಿ.’ ಓದಿ ಕಣ್ಣು ಒದ್ದೆ ಮಾಡ್ಕೊಂಡಿದ್ದೆ ಆಗ. ಖುಷಿಗೆ ಹಳೇ ರಿಬ್ಬನ್ ಬೇರೆ ಪುಕ್ಕಟೆ ಹಾಕಿ ಕಳಿಸಿದ್ದೆ.

ಊರು — ದಮನ್‌ಹೂರ್.

‘ನಕ್ಷೆ 61’ಕ್ಕೆ ಒಂದೇ ಪ್ರಶ್ನೆ ಬರೆದೆ. ಆ ಪತ್ರದ ತಾರೀಖು?

“1974.”

ಅಂಚೆಯಲ್ಲಿ ಕಳಿಸಲ್ಲ, ನಾನೇ ತರ್ತೀನಿ ಅಂತ ಬರೆದೆ.

ಅಕ್ಟೋಬರ್ 7, ಸೋಮವಾರ

ಒಂಬತ್ತರ ರೈಲು. ಹದಿನಾಲ್ಕು ಕಿಲೋ ಹೊತ್ತು ಭುಜ ಇಳಿದಿದೆ, ಆದರೂ ಈಗಲೇ ಬರೀಬೇಕು.

ಸ್ಟೇಷನ್ನಿನ ಚಹಾ ಕಟ್ಟೆಯಲ್ಲಿ ಕಾಯ್ತಿದ್ದಳು. ಇನ್ಶಿರಾಹ್. ಭೂಗೋಳದ ಮೇಡಂ ಆಗಿದ್ದು ರಿಟೈರ್ ಆದವಳು, ಹುಟ್ಟಿದ್ದು ಅರವತ್ತೊಂದರಲ್ಲಿ. ಅಷ್ಟೇ ಆ ‘ನಕ್ಷೆ 61’. ತೆಳ್ಳಗೆ, ಉದ್ದಕ್ಕೆ. ಕ್ಲಾಸಿನಲ್ಲಿ ಪಿಸುಗುಟ್ಟಿದೋರನ್ನ ಹಿಡಿಯೋ ಕಣ್ಣು.

“ನಿಮ್ಮನ್ನ ಕಳ್ಳಿ ಅಂದ್ಕೊಂಡಿದ್ದೆ,” ಅಂದೆ.

“ನಾನೂ ನಿಮ್ಮನ್ನ ಹಾಗೇ ಅಂದ್ಕೊಂಡಿದ್ದೆ. ಕೂತ್ಕೊಳ್ಳಿ, ಸಕ್ಕರೆ ಎಷ್ಟು?”

ಶೌಕತ್ ಅವಳ ಚಿಕ್ಕಪ್ಪನ ಮಗ. ಅದೇ ಮನೆಯ ಕೆಳಗಿನ ಅಂತಸ್ತು ಅವನದ್ದು. ಬರೋ ಕಾಗದ ಎಲ್ಲ ಮೊದಲು ಅವನ ಕೈಗೆ, ಫೋನಿನ ಮಾತೆಲ್ಲ ಮೆಟ್ಟಿಲಲ್ಲಿ ಅವನ ಕಿವಿಗೆ. ರಂಜಾನ್ ಮುಗಿದ ಮೇಲೆ ಆ ಪತ್ರ ತಂದನಂತೆ: ಇವಳ ಅಪ್ಪ 1974ರಲ್ಲೇ ಮೇಲಿನ ಮನೆಯನ್ನ ಅವನ ಅಪ್ಪನಿಗೆ ಮಾರಿದ್ದಾರೆ, ಕೆಳಗೆ ಅಪ್ಪನ ಮೊಹರು. ಮೊಹರು ಅಸಲಿ, ಅಪ್ಪ ಸತ್ತಾಗ ಪೆಟ್ಟಿಗೆಯಿಂದ ಕಳೆದುಹೋಗಿದ್ದು. ಫಹ್ಮಿ ಇವಳ ವಕೀಲರು.

“ಐನ್ ಹಾರಿದ್ದು ಕಣ್ಣಿಗೆ ಬಿತ್ತು. ಮೂವತ್ತು ವರ್ಷ ಪರೀಕ್ಷೆ ಪೇಪರ್ ತಿದ್ದಿದೀನಲ್ಲ. ಕೆಲಸ ಮುಗಿಸಿ ಮೆಷಿನ್ ಮಾರಿ ಕೈತೊಳಕೊಳ್ತಾನೆ ಅಂತ ನೆಟ್‌ನಲ್ಲಿ ಕಾಯ್ತಾ ಕೂತೆ. ನಿಮ್ಮ ಹಾಳೆ ಬಂತು, ಅದೇ ಅಚ್ಚು. ಐನ್ ಹಾರಿದೆಯಾ ಅಂತ ಮಾತ್ರ ಫೋಟೊದಲ್ಲಿ ತಿಳೀಲಿಲ್ಲ.”

“ಆ ಖಾಲಿ ಹಾಳೆ, ರಿಬ್ಬನ್ ಯಾಕೆ ಕೇಳಿದ್ರಿ?”

“ನೀವು ಕೊಡೋರಾ, ಕೊಡದೋರಾ ಅಂತ ನೋಡೋಕೆ.”

ಪರೀಕ್ಷೆ! ಈ ವಯಸ್ಸಿನಲ್ಲಿ ನನಗೇ! ನಗು ಬಂತು. ಮಾರ್ಚಿನ ರಿಬ್ಬನ್ ನೆನಪಾಗಿ ಅಲ್ಲೇ ನಿಂತುಹೋಯ್ತು. ಅದನ್ನೂ ಹೇಳಿದೆ. ಅವಳು ಬೈಯಲಿಲ್ಲ. ಲೋಟ ಪಕ್ಕಕ್ಕೆ ಸರಿಸಿದಳು.

“ಇದನ್ನ ಕೋರ್ಟಿನಲ್ಲಿ ಹೇಳ್ತೀರಾ?”

ಯೋಚಿಸಿ ಹೇಳ್ತೀನಿ ಅಂದೆ. ಹಸಿರು ಮೆಷಿನ್ ವಾಪಸ್ ಹೊತ್ಕೊಂಡು ಬಂದೆ, ಅವಳಿಗೆ ಅದು ಬೇಡವೇ ಬೇಡ.

ಅಕ್ಟೋಬರ್ 9, ಬುಧವಾರ

ಲಬೀಬ್: “ಕೋರ್ಟಿಗೆ ಹೋಗೋ ಅಂಗಡಿಯಿಂದ ಯಾರು ಕೊಳ್ತಾರೆ? ನಾಳೆ ಎಲ್ಲರೂ ಅಂದ್ಕೊಳ್ತಾರೆ, ಇವಳು ಮಾರಿದ ಮೇಲೂ ಹಿಂದೆ ಬರ್ತಾಳೆ ಅಂತ.”

“ಅಂದ್ಕೊಳ್ಳಲಿ.”

“ನಿನಗೆ ಆ ಹೆಂಗಸು ಯಾರು?”

ಯಾರೂ ಅಲ್ಲ. ಹುಸ್ನಿಯ್ಯಾ ಪಕ್ಕದ ಕುರ್ಚಿಯವಳು, ದಿನಾ ನನ್ನ ಜೊತೆ ರೊಟ್ಟಿ ಹಂಚಿಕೊಂಡು ತಿಂದವಳು. ಆ ಸುಳ್ಳು ತಾರೀಖಿನ ವಿಷಯ ಆಗ ಅವಳಿಗೇ ಹೇಳಲಿಲ್ಲ. ಲಬೀಬ್‌ಗೆ ಇದನ್ನ ಹೇಳಲಿಲ್ಲ. ಇನ್ಶಿರಾಹ್‌ಗೆ ‘ಬರ್ತೀನಿ’ ಅಂತ ಕಳಿಸಿದೆ.

ನವೆಂಬರ್ 28, ಗುರುವಾರ

ಕೋರ್ಟು ನೇಮಿಸಿದ ತಜ್ಞರ ಕೋಣೆ. ನನ್ನ ರಿಪೇರಿ ಪುಸ್ತಕ ಕೊಟ್ಟೆ. ಮಾರೋ ಮುಂಚೆ ಬೂದು ಮೆಷಿನ್ನಿನಲ್ಲಿ ಹೊಡೆದಿಟ್ಟಿದ್ದ ಹಾಳೆ ಕೊಟ್ಟೆ. ಐನ್ ಇಲ್ಲದ ಗುಜರಿ ಮೆಷಿನ್ನನ್ನೂ ಹೊತ್ತೊಯ್ದಿದ್ದೆ. ತಜ್ಞರು ನನ್ನ ಹಾಳೆ, ಆ 1974ರ ಪತ್ರ ಎರಡನ್ನೂ ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. ಬಹಳ ಹೊತ್ತು.

“ಈ ಬೆಸುಗೆ ಹಾಕಿದ್ದು ಯಾವಾಗ?”

“ಜನವರಿ ಹದಿನೈದು. ಈ ವರ್ಷದ್ದೇ.”

ಶೌಕತ್ ಎದುರು ಬೆಂಚಿನಲ್ಲಿ. ಅದೇ ಕೋಟು. ಹೊರಗೆ ಬಂದಾಗ ತಲೆಬಾಗಿ, “ಸಹೋದರಿ, ನಿಮ್ಮ ಬಗ್ಗೆ ಎಷ್ಟು ಒಳ್ಳೇದು ಬರೆದಿದ್ದೆ,” ಅಂದ. “ನಾನೂ ನಂಬಿದ್ದೆ,” ಅಂದೆ.

ಜನವರಿ 19, ಭಾನುವಾರ, ಮಧ್ಯಾಹ್ನ 12

ತೀರ್ಪು ಬಂತು! ಪತ್ರ ನಕಲಿ, ಮನೆ ಇನ್ಶಿರಾಹ್‌ದೇ. ಶೌಕತ್ ಮೇಲೆ ಬೇರೆ ಕೇಸು. ಬೆಳಿಗ್ಗೆ ಬರೆದಿದ್ದಳು, ಎರಡೇ ಸಾಲು. ಕೊನೆಗೆ, “ನಿಮಗೆ ನೂರಕ್ಕೆ ತೊಂಬತ್ತು. ರಿಬ್ಬನ್‌ಗೆ ಹತ್ತು ಕಳೆದಿದ್ದೇನೆ.” ಮೂರು ಸಲ ಓದಿದೆ.

ಆ ಐದು ನಕ್ಷತ್ರ ಈಗ ಒಂದಾಗಿದೆ. ಶೌಕತ್ ತಿದ್ದಿದ್ದಾನೆ: ‘ಎಚ್ಚರ. ಕೊಂಡವರು ಏನು ಬರೆಯುತ್ತಾರೆ ಎಂದು ಇಣುಕುವ ಹೆಂಗಸು.’ ಲಬೀಬ್ ಓದಿ ಓದಿ ನಕ್ಕು, ಚೌಕಟ್ಟು ಹಾಕಿಸಿ ಕೊಡ್ತೀನಿ, ಗೋಡೆಗೆ ಹೊಡಿ ಅಂದ. ತೆಗೆಸು ಅಂತ ಮಾತ್ರ ಅನ್ನಲಿಲ್ಲ. ವ್ಯಾಪಾರ ಸ್ವಲ್ಪ ಇಳಿದಿದೆ, ನಿಜ. ಇಳೀಲಿ.

ಹೊರಗೆ ಸಮುದ್ರದ ಗಾಳಿ, ಬಾಗಿಲು ಪಟಪಟ ಅಂತಿದೆ. ಈಗಷ್ಟೇ ಒಬ್ಬ ಹೆಂಗಸು ಒಳಗೆ ಬಂದಳು. ಒದ್ದೆ ಕೋಟು. ಏನೂ ಕೇಳಲಿಲ್ಲ, ಬೆಲೆಯನ್ನೂ. ಒಂದು ಸಲ ಹೊಡೆದು ನೋಡಲಾ ಅಂದಳು. ಹಾಳೆ ಕೊಟ್ಟೆ. ನನಗೆ ಬೆನ್ನು ಹಾಕಿ ಕೂತಿದ್ದಾಳೆ. ನಿಧಾನಕ್ಕೆ, ಒಂದೇ ಬೆರಳು. ಎರಡು ಸಾಲು ಆಯ್ತು. ನಿಲ್ಲಿಸಿದಳು. ಕಣ್ಣು ಒರೆಸಿಕೊಂಡಳಾ?... ಮತ್ತೆ ಶುರು. ನೋಡಬಾರದು. ಗಿರಾಕಿಯ ಹಾಳೆ ಅದು, ನನಗೇನು —

ಚಹಾ ಬೇಕಾ ಅಂತ ಕೇಳೋ ನೆಪದಲ್ಲಿ ಒಂದೇ ಒಂದು ಸಲ ಆ ಕಡೆ ಹೋಗಿಬರ್ತೀನಿ, ಅಷ್ಟೇ.