ಸಾಸಿವೆ ಹಿಡಿದ ಕನ್ನಡಿ

ಕ್ಷೌರದ ಅಂಗಡಿಯಿಂದ,
ಸೋಮವಾರ, ೯ನೇ ತಾರೀಖು

ಪ್ರೀತಿಯ ಮಗಳೇ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರ ನಾನಾಗಿ ಬರೆಯುತ್ತಿರುವುದಲ್ಲ. ನಿಮ್ಮಮ್ಮ ಬರೆಸುತ್ತಿದ್ದಾಳೆ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನ ಮುಂದೆ, ಬೆಳಿಗ್ಗೆ ತಿಂಡಿ ತಟ್ಟೆಯ ಪಕ್ಕದಲ್ಲೇ ಕಾಗದ, ಪೆನ್ನು ತಂದಿಟ್ಟಳು. "ಫೋನಲ್ಲಿ ನೀವಿಬ್ರೂ ಮಾತಾಡಲ್ಲ, ಕಚ್ಚಾಡ್ತೀರಿ. ಅವಳು ಒಂದಂದ್ರೆ ನೀವು ಎರಡಂತೀರಿ, ಆಮೇಲೆ ಟಪ್ ಅಂತ ಇಡ್ತೀರಿ. ಕಾಗದದಲ್ಲಾದ್ರೆ ನಿಮ್ಮ ಮಾತು ಮುಗಿಯೋವರೆಗೂ ಅವಳು ಅಡ್ಡಬಾಯಿ ಹಾಕಕ್ಕಾಗಲ್ಲ" ಅಂದಳು. ನೀನೇ ಬರಿ ಎಂದರೆ, ಕಣ್ಣಿಗೆ ಆಪರೇಷನ್ ಆಗಿದೆ, ಡಾಕ್ಟರು ಬೇಡ ಅಂದಿದ್ದಾರೆ ಎಂಬ ಉತ್ತರ ಸಿದ್ಧ. ಅದೇ ಕಣ್ಣಿಗೆ ನನ್ನ ಅಂಗಿಯ ಮೇಲಿನ ಚಹಾದ ಕಲೆ ಮಾತ್ರ ಬೀದಿಯ ಆ ತುದಿಯಿಂದಲೇ ಕಾಣುತ್ತದೆ. ಇರಲಿ. ಸೋಮವಾರ ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಗಿರಾಕಿ ಬಂದರೆ ನಿಲ್ಲಿಸುತ್ತೇನೆ, ಹೋದ ಮೇಲೆ ಮುಂದುವರಿಸುತ್ತೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ನೀನು ಹೇಗಿದ್ದೀಯ? ರಾತ್ರಿ ಪಾಳಿಯಲ್ಲಿ ಕಾಲು ಊದಿಕೊಳ್ಳುತ್ತದೆ ಎಂದಿದ್ದೆ. ವಾರ್ಡಿನಲ್ಲಿ ಕಂಡವರ ಕಾಲಡಿಗೆಲ್ಲ ದಿಂಬು ಇಡುವವಳು ನಿನ್ನ ಕಾಲಿಗೂ ಒಂದು ಇಟ್ಟುಕೋ. ನರ್ಸ್ ತರಬೇತಿ ಮುಗಿಸಿ ಬರುವಾಗ ನೀನೇ ರೋಗಿಯಾಗಿ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಊಟ ಬಿಡಬೇಡ. ನನ್ನ ಸೊಂಟ ಹಾಗೇ ಇದೆ, ಬಾಯಿ ಚೆನ್ನಾಗಿದೆ. ನಿನ್ನ ಗಂಡ ಹೋದ ವಾರ ಲಾರಿ ನಿಲ್ಲಿಸಿ ಒಂದು ರಾತ್ರಿ ಇದ್ದು ಹೋದ. ಅವನ ತಲೆ ನೋಡಿದರೆ ಕಾಗೆ ಗೂಡು ಕಟ್ಟಬೇಕು, ಹಾಗಿತ್ತು. ಹಿಡಿದು ಕೂರಿಸಿ ಕತ್ತರಿಸಿ ಕಳಿಸಿದ್ದೇನೆ.

ಈಗ ನಮ್ಮ ಜಗಳದ ವಿಷಯ, ಅಂದರೆ ನಿನ್ನ ಮಗಳ ವಿಷಯ. ಕಳೆದ ಸಲ ಫೋನಿನಲ್ಲಿ ನೀನು ಅಂದದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಅಪ್ಪ, ನಿನ್ನ ಅಂಗಡೀಲಿ ಕೂರಿಸ್ಕೊಂಡ್ರೆ ಅವಳು ಬ್ಲೇಡ್ ಹಿಡಿಯೋದು ಕಲೀತಾಳೆ ಅಷ್ಟೆ. ಪೂರ್ತಿ ದಿನ ಶಾಲೇಲಿ ಕೂರೋ ಹಾಗಾಗ್ಲಿ, ತಕ್ಷಣ ಇಲ್ಲಿ ಹಾಸ್ಟೆಲ್ಲಿಗೆ ಸೇರಿಸ್ತೀನಿ. ಇಪ್ಪತ್ತನೇ ತಾರೀಖಿನೊಳಗೆ ಸೀಟು ಖಚಿತ ಮಾಡ್ಬೇಕು." ನಾನು ಏನಂದೆ ಎಂಬುದನ್ನು ಬರೆದರೆ ನಿಮ್ಮಮ್ಮ ಕಾಗದ ಹರಿಯುತ್ತಾಳೆ. ಮಗಳನ್ನು ಹತ್ತಿರ ಇಟ್ಟುಕೊಳ್ಳಬೇಕು, ಭಾನುವಾರಕ್ಕಾದರೂ ಮುಖ ನೋಡಬೇಕು ಎಂಬ ನಿನ್ನ ಆಸೆ ನನಗೆ ಅರ್ಥವಾಗದ್ದೇನಲ್ಲ. ನನಗೂ ಒಬ್ಬಳು ಮಗಳು ದೂರದಲ್ಲಿದ್ದಾಳೆ. ಆದರೆ ಇಲ್ಲಿ ಏನು ನಡೆದಿದೆ ಎಂದು ನಿನಗೆ ಪೂರ್ತಿ ಗೊತ್ತಿಲ್ಲ. ಹೇಳಲು ಹೊರಟಾಗಲೆಲ್ಲ ನೀನು ಒಂದು, ನಾನು ಎರಡು.

ಬಾಣಲೆಗೆ ಬಿದ್ದ ಹಾಗೆ ಸದಾ ಚಟಪಟ ಅನ್ನುತ್ತಾಳೆಂದು ಸಾಸಿವೆ ಅಂತ ಹೆಸರಿಟ್ಟವಳು ನೀನೇ. ಆ ಸಾಸಿವೆ ನೀನು ಹೋದ ಮೇಲೆ ಹೇಗಾಗಿದ್ದಳು ಎಂಬುದನ್ನು ನೀನು ಕೇಳಿದ್ದೀಯ, ನಾವು ನೋಡಿದ್ದೇವೆ. ಯೂನಿಫಾರ್ಮ್ ಕಂಡರೆ ಹೊಟ್ಟೆನೋವು, ಶೂ ಹಾಕಿದರೆ ವಾಂತಿ. ಬಾಗಿಲ ಚೌಕಟ್ಟು ಹಿಡಿದುಕೊಂಡರೆ ಒಂದು ಬೆರಳು ಬಿಡಿಸುವಷ್ಟರಲ್ಲಿ ಇನ್ನೊಂದು ಅಂಟಿಕೊಳ್ಳುತ್ತಿತ್ತು. ಶಾಲೆಯಲ್ಲಿ ಯಾರೂ ಹೊಡೆದಿಲ್ಲ, ಬೈದಿಲ್ಲ. ನಾನೇ ಹೋಗಿ ವಿಚಾರಿಸಿ, ವಿಚಾರಿಸುವ ಭರದಲ್ಲಿ ಗೇಟಿನವನ ಹತ್ತಿರ ಜಗಳವಾಡಿ ಬಂದೆ. ಎಲ್ಲರೂ ತನ್ನನ್ನೇ ನೋಡುತ್ತಾರೆ, ಬಾಗಿಲು ಹಾಕಿದರೆ ಉಸಿರು ಸಿಕ್ಕಿಕೊಳ್ಳುತ್ತದೆ ಎಂದಷ್ಟೇ ಇವಳು ಹೇಳುತ್ತಿದ್ದಳು. ಮಕ್ಕಳ ಮನಸ್ಸಿನ ಡಾಕ್ಟರಮ್ಮ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ನೋವು ನಿಜವೇ, ಎಳೆದುಕೊಂಡು ಹೋಗಬೇಡಿ, ಹಾಗಂತ ಮನೆಯಲ್ಲೇ ಮುಚ್ಚಿಡಲೂ ಬೇಡಿ, ದಿನಾ ಒಂದಿಷ್ಟಿಷ್ಟು ಮುಂದೆ ಹೋಗಲಿ ಎಂದರು. ಒಂದಿಷ್ಟಿಷ್ಟು ಎಂದರೆ ನನಗೆ ಮೈಯೆಲ್ಲ ಉರಿ. ಬಕೆಟ್ ನೀರು ಒಂದೇ ಸಲ ಸುರಿದುಕೊಂಡು ಸ್ನಾನ ಮುಗಿಸುವವನು ನಾನು.

ನಿಮ್ಮಮ್ಮ ಕಣ್ಣಾಸ್ಪತ್ರೆಗೆ ಹೋದ ದಿನ ಬೇರೆ ದಾರಿಯಿಲ್ಲದೆ ಅಂಗಡಿಗೆ ಕರೆತಂದೆ. ಟವೆಲ್ ಒಣಹಾಕುವ ಸ್ಟ್ಯಾಂಡಿನ ಹಿಂದೆ ಹೋಗಿ ಕೂತಳು. ಎರಡು ಕಾಲು ಮಾತ್ರ ಕಾಣುತ್ತಿತ್ತು, ಗಿರಾಕಿಗಳು ಟವೆಲ್ಲಿಗೆ ಕಾಲು ಬಂದಿದೆಯಲ್ಲೋ ಎಂದು ನಗುತ್ತಿದ್ದರು. ನನಗೆ ಸಿಟ್ಟು ಬಂತು. ಸುಮ್ಮನೆ ಕೂರುವವರಿಗೆ ಇಲ್ಲಿ ಜಾಗವಿಲ್ಲ ಎಂದು ಗದರಿ ಕೈಗೆ ಕನ್ನಡಿ ಕೊಟ್ಟೆ. ಕಟಿಂಗ್ ಮುಗಿದ ಮೇಲೆ ತಲೆಯ ಹಿಂದೆ ಹಿಡಿದು ತೋರಿಸುತ್ತೇವಲ್ಲ, ಅದು. ಬಡ್ಡಿಮಗಳದು, ಹಿಡಿದಳು! ನನಗಾಗ ಹೊಳೆಯಿತು: ಅಂಗಡಿಯಲ್ಲಿ ಯಾರೂ ಯಾರ ಮುಖ ನೋಡಿಯೂ ಮಾತಾಡುವುದಿಲ್ಲ. ಇಷ್ಟು ವರ್ಷ ನಾನೂ ಗಿರಾಕಿಯೂ ಕನ್ನಡಿಯ ಜೊತೆಗೇ ಹರಟೆ ಹೊಡೆದಿದ್ದೇವೆ. ಎದುರಿಗೆ ಬಂದರೆ ಕಣ್ಣು ನೆಲಕ್ಕಿಳಿಸುವ ಇವಳು, ಕನ್ನಡಿಯೊಳಗೆ ಬಂದವರನ್ನು ನೆಟ್ಟಗೆ ನೋಡತೊಡಗಿದಳು. ಒಂದು ದಿನ "ತಾತ, ಎಡಗಡೆ ಜಾಸ್ತಿ ಇದೆ" ಎಂದಳು. ಎಲ್ಲಿಂದ ಬಂದೆ ನೀನು ನನಗೆ ಹೇಳಿಕೊಡಲು ಎಂದು ಬೈದೆ. ಆಮೇಲೆ ನೋಡಿದರೆ ಎಡಗಡೆ ಜಾಸ್ತಿಯೇ ಇತ್ತು. ಇದನ್ನು ಬೀದಿಯಲ್ಲಿ ಹೇಳಬೇಡ.

ಹೀಗಿರುವಾಗ ಬಂದರು ನೋಡು, ಅವಳ ಕ್ಲಾಸಿನ ಲೆಕ್ಕದ ಮೇಷ್ಟ್ರು. ಬಾಗಿಲಲ್ಲಿ ಬಗ್ಗಿ ಒಳಗೆ ಬರುವಷ್ಟು ಎತ್ತರದ ಮನುಷ್ಯ, ಕೆಮ್ಮಿದರೆ ನನ್ನ ಬಾಟಲಿಗಳೆಲ್ಲ ಅಲುಗುತ್ತವೆ. ಸಾಸಿವೆ ಕನ್ನಡಿಯ ಸಮೇತ ಟವೆಲ್ ಹಿಂದೆ ಮಾಯ. ಅವರು ಕೂತರು, ಬಟ್ಟೆ ಹೊದಿಸಿದೆ, ಕಿವಿಯವರೆಗೂ ನೊರೆ ಹಚ್ಚಿದೆ. ಹೊಸ ಬ್ಲೇಡ್ ಹಾಕಿದ ಸದ್ದು ಕೇಳಿದ್ದೇ, ಆಸಾಮಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡರು. ಚಪ್ಪಲಿಯೊಳಗೆ ಕಾಲಿನ ಬೆರಳು ಮುದುಡಿಕೊಂಡಿದ್ದವು. ಅಲ್ಲಾಡಬೇಡಿ ಮೇಷ್ಟ್ರೇ, ಕಿವಿ ಇದ್ದಲ್ಲೇ ಇರಲಿ ಎಂದರೆ ನೆಟ್ಟಗೆ ಕೂರಿ ಎಂದು ನಾನು ಎಂದಿನಂತೆ ಗುಡುಗಿದೆ. ಆಗ ಟವೆಲ್ ಹಿಂದಿನಿಂದ ದನಿ ಬಂತು. "ಹೆದರ್ಕೋಬೇಡಿ ಸಾರ್. ನಮ್ಮ ತಾತ ಬಾಯಲ್ಲಿ ಮಾತ್ರ ಜೋರು, ಕೈ ಮೆತ್ತಗಿದೆ. ಕಣ್ಣು ಮುಚ್ಕೋಬೇಡಿ, ಮುಚ್ಕೊಂಡ್ರೆ ಜಾಸ್ತಿ ಭಯ ಆಗುತ್ತೆ. ಕನ್ನಡೀಲಿ ನನ್ನನ್ನ ನೋಡ್ತಾ ಇರಿ."

ತಿರುಗಿ ನೋಡಿದರೆ ಟವೆಲ್ ಸರಿಸಿ ಮುಖವಷ್ಟೇ ಹೊರಗೆ ಹಾಕಿದ್ದಳು. ಅಷ್ಟುದ್ದ ಮಾತು ಅವಳ ಬಾಯಿಂದ ಕೇಳಿ ಎಷ್ಟು ಕಾಲವಾಗಿತ್ತು! ಮೇಷ್ಟ್ರು ಕಣ್ಣು ಬಿಟ್ಟರು. ಕನ್ನಡಿಯಲ್ಲಿ ಅವಳನ್ನೇ ನೋಡುತ್ತ ಶೇವಿಂಗ್ ಮುಗಿಯುವವರೆಗೂ ಅಲುಗಲಿಲ್ಲ. ಚಿಕ್ಕವರಿದ್ದಾಗ ಯಾವನೋ ಕುತ್ತಿಗೆಗೆ ಗಾಯ ಮಾಡಿದ್ದನಂತೆ, ಆವತ್ತಿನಿಂದ ಹೀಗಂತೆ. "ಆದ್ರೂ ಬರೋದು ಬಿಟ್ಟಿಲ್ಲಮ್ಮ, ಬಿಟ್ರೆ ಕರಡಿ ಆಗಿಬಿಡ್ತೀನಲ್ಲ" ಎಂದರು. ಅವಳು ನಕ್ಕಳು. ಕನ್ನಡಿಯನ್ನೇ ನೋಡುತ್ತ, "ಕ್ಲಾಸಲ್ಲಿ ಬಾಗಿಲ ಪಕ್ಕ ಜಾಗ ಇದ್ಯಾ ಸಾರ್? ಬಾಗಿಲು ತೆಗ್ದೇ ಇರ್ಬೇಕು" ಎಂದು ಕೇಳಿದಳು. ಇದೆ ಎಂದರು, ಅಷ್ಟೇ. ಯಾವಾಗ ಬರ್ತೀಯ, ಯಾಕೆ ಬರ್ತಿಲ್ಲ, ಜಾಣೆ ಅಲ್ವಾ, ಈ ಯಾವ ಮಾತನ್ನೂ ಆಡಲಿಲ್ಲ. ಹಿಂದೆ ಸರಿಯಾಗಿದೆಯಾ ತೋರಿಸು ಎಂದರು. ಇವಳು ಹೊರಗೆ ಬಂದು ಕನ್ನಡಿ ಹಿಡಿದಳು. ಮನುಷ್ಯ ಲೆಕ್ಕದವನಾದರೂ ಒಳ್ಳೆಯವನು.

ಆಮೇಲೆ ಡಾಕ್ಟರಮ್ಮ ಹೇಳಿದ ಒಂದಿಷ್ಟಿಷ್ಟು ಶುರುವಾಯಿತು. ಮೊದಲು ಗೇಟಿನವರೆಗೆ. ಆಮೇಲೆ ನಲ್ಲಿಯವರೆಗೆ. ಆಮೇಲೆ ಯಾರೂ ಇಲ್ಲದಾಗ ಬಾಗಿಲ ಪಕ್ಕದ ಬೆಂಚಿನವರೆಗೆ. ಒಂದು ಬೆಳಿಗ್ಗೆ ಗೇಟು ಮುಟ್ಟಿ ತಿರುಗಿ ಬಂದುಬಿಟ್ಟಳು. ನನ್ನ ಗಂಟಲಿಗೆ ಬಂದ ಬೈಗುಳವನ್ನು ಹಾಗೇ ನುಂಗಿದೆ. ಆ ದಿನ ಅಂಗಡಿಗೆ ಬಂದವರ ತಲೆಯೆಲ್ಲ ಬೇಕಾದ್ದಕ್ಕಿಂತ ಗಿಡ್ಡವಾಯಿತು, ಯಾರೂ ಕೇಳುವ ಧೈರ್ಯ ಮಾಡಲಿಲ್ಲ. ಮಾರನೆಯ ದಿನ ತಾನಾಗಿ ಹೊರಟಳು. ಅಂಗೈಯಗಲದ ಒಂದು ಹಳೆಯ ಕನ್ನಡಿ ಕೊಟ್ಟಿದ್ದೇನೆ, ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಾಳೆ. ಹಿಂದಿನ ಬೆಂಚಿನವರು ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿದಾಗ ತೆಗೆದು ನೋಡುತ್ತಾಳಂತೆ. "ಯಾರೂ ನನ್ನ ನೋಡ್ತಿರಲ್ಲ ತಾತ. ಒಬ್ಳು ಮೂಗಲ್ಲಿ ಬೆರಳಿಟ್ಕೊಂಡಿರ್ತಾಳೆ" ಎಂದಳು. ಈಗ ಆ ಕನ್ನಡಿಗೆ ಕ್ಲಾಸಿನಲ್ಲಿ ಭಾರಿ ಬೇಡಿಕೆ. ಮೊನ್ನೆ ಹುಡುಗಿಯರೆಲ್ಲ ಸೇರಿ ಮೇಷ್ಟ್ರ ತಲೆಯ ಮೇಲೆ ಬಿಸಿಲು ಕುಣಿಸಿದರಂತೆ. ನಮ್ಮವಳಿಗೂ ಬೈಗುಳ ಬಿತ್ತು. ಎಲ್ಲರ ಜೊತೆ ಬೈಸಿಕೊಂಡೆ ಎಂದು ಬೀಗುತ್ತ ಬಂದಳು! ಯೂನಿಫಾರ್ಮಿನಲ್ಲೇ ಕುಣಿದಳು. ನಿಮ್ಮಮ್ಮ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು, ಕೇಳಿದರೆ ಆಪರೇಷನ್ ಅಂತಾಳೆ.

ಈಗ ದಿನಾ ಹೋಗುತ್ತಾಳೆ. ಆದರೆ ಮಧ್ಯಾಹ್ನದ ಗಂಟೆ ಹೊಡೆದದ್ದೇ ಚೀಲ ಎತ್ತಿಕೊಂಡು ಅಂಗಡಿಗೆ ಬಂದುಬಿಡುತ್ತಾಳೆ. ಇದೊಂದು ನನಗೆ ಬಗೆಹರಿದಿಲ್ಲ. ಹೊಟ್ಟೆನೋವಿಲ್ಲ, ವಾಂತಿಯಿಲ್ಲ, ನಗುತ್ತಲೇ ಇರುತ್ತಾಳೆ, ಗಂಟೆ ಹೊಡೆದರೆ ಮುಖ ಸಪ್ಪೆ ಮಾಡಿಕೊಂಡು ಎದ್ದುಬಿಡುತ್ತಾಳೆ ಎಂದು ಮೇಷ್ಟ್ರು ಹೇಳುತ್ತಾರೆ. ನಾನು ಕೇಳಿಲ್ಲ. ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ, ನನ್ನ ವಯಸ್ಸಿಗೆ ಅದು ಸಣ್ಣ ಕೆಲಸವಲ್ಲ. ಅದೂ ಸರಿಹೋಗುತ್ತದೆ. ಆದ್ದರಿಂದ ಹಾಸ್ಟೆಲ್ ವಿಷಯ ಸ್ವಲ್ಪ ಯೋಚನೆ ಮಾಡು ಎಂದು ಹೇಳುವುದಕ್ಕೇ ಇಷ್ಟು ಬರೆದೆ. ಈಗತಾನೇ ಬೇರು ಬಿಡುತ್ತಿರುವ ಗಿಡವನ್ನು ಕಿತ್ತು ಬೇರೆ ಕುಂಡಕ್ಕೆ ಹಾಕುವವರಿಗೆ ಏನನ್ನುತ್ತಾರೋ ನಿನಗೆ ಗೊತ್ತು. ನಾನು ಬರೆಯುವುದಿಲ್ಲ, ನಿಮ್ಮಮ್ಮ ಓದುತ್ತಾಳೆ.

ಕೈ ನೋಯುತ್ತಿದೆ. ಒಳ್ಳೆಯದಾಗಲಿ ನಿನಗೆ, ಕೈಗುಣ ಒಳ್ಳೆಯದಿರಲಿ, ಪರೀಕ್ಷೆಯಲ್ಲಿ ಪಾಸಾಗು, ಕಾಲಿಗೆ ದಿಂಬು ಇಟ್ಟುಕೋ. ನಿಮ್ಮಮ್ಮನ ಆಶೀರ್ವಾದವೂ ಇದರಲ್ಲೇ ಸೇರಿದೆ.

ಇಂತಿ,
ಸಿಡುಕ ಎಂದು ನೀನು ಕರೆಯುವ
ನಿನ್ನ ಅಪ್ಪ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಸಾಸಿವೆ ಶಾಲೆಯಿಂದ ಬಂದಳು. ಅಮ್ಮನಿಗಾ ಎಂದು ಕೇಳಿದಳು. ಹೌದು ಎಂದೆ. ಗಿರಾಕಿ ಕುರ್ಚಿ ಹತ್ತಿ ಕೂತು, ನನ್ನ ಕಡೆ ನೋಡದೆ ಕನ್ನಡಿಯ ಕಡೆ ನೋಡುತ್ತ ಹೇಳಿದಳು: "ತಾತ, ಮಧ್ಯಾಹ್ನದ ಮೇಲೂ ಕೂತ್ರೆ ಅಮ್ಮ ನನ್ನ ಹಾಸ್ಟೆಲ್ಲಿಗೆ ಹಾಕ್ತಾಳಲ್ವಾ? ಅದಕ್ಕೇ ಎದ್ದು ಬರ್ತೀನಿ. ಮಧ್ಯಾಹ್ನ ಡ್ರಾಯಿಂಗ್ ಇರುತ್ತೆ. ನಂಗೆ ಕೂರ್ಬೇಕು ಅಂತಾನೇ ಇದೆ." ನಾವಿಬ್ಬರೂ ಫೋನಿನಲ್ಲಿ ಅರಚಿದ್ದು ಅವಳ ಕಿವಿಗೂ ಬಿದ್ದಿದೆ. ಮೇಲೆ ಯೋಚನೆ ಮಾಡು ಎಂದು ಬರೆದದ್ದನ್ನು ಹೊಡೆದುಹಾಕಿಕೋ. ಯೋಚನೆ ಬೇಡ. ಸೀಟು ಬೇಡವೆಂದು ಅವರಿಗೆ ಹೇಳು. ನೀನು ತರಬೇತಿ ಮುಗಿಸಿ ಬರುವವರೆಗೂ ಎಲ್ಲಿಗೂ ಕಳಿಸುವುದಿಲ್ಲ ಎಂದು ಅವಳ ಹೆಸರಿಗೇ, ದಪ್ಪ ಅಕ್ಷರದಲ್ಲಿ ಬರಿ. ಫೋನು ಬೇಡ, ಕೈಯಲ್ಲಿ ಹಿಡಿದು ಮತ್ತೆ ಮತ್ತೆ ಓದುವಂಥದ್ದು ಬೇಕು. ನಿನ್ನ ಆ ಇಪ್ಪತ್ತನೇ ತಾರೀಖಿಗೆ ಮೊದಲೇ, ಹದಿನೆಂಟರೊಳಗೆ ಅವಳ ಕೈ ಸೇರಬೇಕು.