ಎಂಬಾರೆಯ ನಕ್ಷೆಗೆ ಹತ್ತಕ್ಕೆ ಹತ್ತು

ಮಾನ್ಯ ಯೋಜನಾಧಿಕಾರಿಗಳೇ,

ನಮ್ಮ ಕೋಡಿಕೇರಿಯ ಎಂಬತ್ತು ಮನೆಗಳನ್ನು ಹೊಸ ಜಾಗಕ್ಕೆ ಸಾಗಿಸಿ, ಅವುಗಳ ಪಶ್ಚಿಮಕ್ಕೇ ಊರಿನ ಕೊಳಚೆ ಘಟಕಕ್ಕೆ ಗುಂಡಿ ತೋಡಿಸಿದ್ದೀರಿ. ಮುಂಗಾರಿನ ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ನಿಮಗೆ ಗೊತ್ತಿಲ್ಲವೆನ್ನಲಾರೆ. ಒಂಬತ್ತನೇ ತರಗತಿಯಲ್ಲಿ ಅದನ್ನು ಕಲಿಸಿದವನು ನಾನೇ.

ಅರಕಲಗೂಡಿನ ಕಡೆಯ ಹೈಸ್ಕೂಲಿಗೆ ಸೇರುವ ಮುಂಚೆ ನಾನು ನಾಲ್ಕು ವರ್ಷ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ, ಎಂಬಾರೆ ಎಂಬ ಬಡಾವಣೆಯ ಶಾಲೆಯಲ್ಲಿ ಪಾಠ ಮಾಡಿದ್ದೆ. ಅದರ ಕಥೆಯನ್ನು ನೀವು ಮುಂದಿನ ಬೆಂಚಿನಲ್ಲಿ ಕೂತು ಕೇಳಿದ್ದೀರಿ. ಆಳುವ ಬಿಳಿಯರು ಉತ್ತರದ ಒಳ್ಳೆಯ ನೆಲವನ್ನು ತಮಗಿಟ್ಟುಕೊಂಡು, ದುಡಿಯುವ ಕಪ್ಪು ಜನರಿಗೆ ದಕ್ಷಿಣದಲ್ಲಿ ಸ್ಮಶಾನ, ಕಸಾಯಿಖಾನೆ, ಮಲದ ಗುಂಡಿಗಳ ಮಗ್ಗುಲಲ್ಲಿ ಜಾಗ ತೋರಿಸಿದರು. ದೇಶ ಸ್ವತಂತ್ರವಾದ ಮೇಲೆ ಆ ಕೇರಿಯ ಹಳೆಯ ಹೆಸರಾದ ಹರಾರೆ ಇಡೀ ನಗರದ್ದಾಯಿತು. ಕೇರಿ ಮಾತ್ರ ಇದ್ದಲ್ಲೇ ಉಳಿಯಿತು. ಪರೀಕ್ಷೆಯಲ್ಲಿ ನೀವು ಅದರ ನಕ್ಷೆ ಬಿಡಿಸಿ, ಕೆಳಗೆ 'ಇದು ಅನ್ಯಾಯ' ಎಂದು ಬರೆದಿದ್ದಿರಿ. ಹತ್ತಕ್ಕೆ ಹತ್ತು ಕೊಟ್ಟೆ. ಮುಂದೊಂದು ದಿನ ಅದನ್ನೇ ನಕಲು ಹೊಡೆಯುತ್ತೀರೆಂದು ನನಗೇನು ಗೊತ್ತಿತ್ತು?

ಹೋದ ವರ್ಷ ಮನೆ ಸಾಗಿಸಲು ಕೇರಿಯವರ ಒಪ್ಪಿಗೆ ಕೇಳುವ ಸಭೆಗೆ ನೀವು ಬರಲಿಲ್ಲ, ನಕ್ಷೆ ಕಳಿಸಿದಿರಿ. ಅದನ್ನು ಹಿಡಿದು ನಿಂತವನು ನಾನು. ಪಶ್ಚಿಮದ ಜಾಗಕ್ಕೆ ಚೆಂದದ ಹಸಿರು ಬಳಿದಿತ್ತು. ರಾಮನಾಥಪುರದಲ್ಲಿ ತಂಬಾಕಿನ ಎಲೆ ವಿಂಗಡಿಸುವ ಬೆಟ್ಟಮ್ಮ ಅದರ ಮೇಲೆ ಬೆರಳಿಟ್ಟಳು.

"ಈ ಅಸ್ರು ಜಾಗ್ದಾಗೆ ಏನ್ ಬತ್ತದೆ ಮೇಷ್ಟ್ರೇ? ನೀವ್ ಏಳುದ್ರೆ ಎಬ್ಬೆಟ್ಟು ಒತ್ತೀವಿ."

"ಪಾರ್ಕು ಕಣವ್ವ. ನಮ್ಮ ಹುಡುಗನೇ ಮಾಡಿರೋ ನಕ್ಷೆ," ಎಂದೆ.

ಅವರು ನಿಮ್ಮನ್ನು ನಂಬಿ ಒಪ್ಪಲಿಲ್ಲ ಸ್ವಾಮಿ, ನನ್ನನ್ನು ನಂಬಿ ಒಪ್ಪಿದರು. ಈಗ ನಿಮ್ಮ ಕಚೇರಿಯಲ್ಲಿ ಕೇಳಿದರೆ, ಹಸಿರೆಂದರೆ 'ಸಾರ್ವಜನಿಕ ಉಪಯೋಗ' ಎನ್ನುತ್ತಾರೆ. ನಿಜವೇ, ಕೊಳಚೆಯೂ ಸಾರ್ವಜನಿಕರದ್ದೇ. ಆದರೆ ಮೂಗು ಮಾತ್ರ ಏಕೆ ಎಂಬತ್ತು ಮನೆಯವರದ್ದು?

ಮೊನ್ನೆ ಕ್ಷಮೆ ಕೇಳಲು ಹೋದೆ. ಬೆಟ್ಟಮ್ಮ ಟೀ ಕೊಟ್ಟು, ನಾನು ಕುಡಿದ ಮೇಲೆ ಲೋಟ ಇಸಿದುಕೊಂಡಳು. ಆಮೇಲೆ, "ನಿಮ್ ಮ್ಯಾಲೆ ಕ್ವಾಪ ಇಲ್ಲ ಸಾ. ಆದ್ರೆ ಇನ್ಮ್ಯಾಕೆ ನಕ್ಸೆ ಇಡ್ಕಂಡು ನಮ್ ಬಾಗ್ಲಿಗೆ ಬರ್ಬ್ಯಾಡಿ," ಎಂದಳು. ಅಷ್ಟು ದಿನವೂ ನನ್ನನ್ನು 'ಮೇಷ್ಟ್ರೇ' ಎನ್ನುತ್ತಿದ್ದವಳು ಅವಳು. ಅಂದು ನಾನು ಬರೀ 'ಸಾ' ಆದೆ.

ಗುಂಡಿಗಿನ್ನೂ ಕಾಂಕ್ರೀಟು ಬಿದ್ದಿಲ್ಲ. ಕೆಲಸ ನಿಲ್ಲಿಸಿ, ಬೇರೆ ಜಾಗ ನೋಡಿ. ಭಾನುವಾರ ಕೇರಿಗೆ ಬಂದು, ಈ ಸಲ ನಕ್ಷೆಯನ್ನು ನಿಮ್ಮ ಕೈಯಲ್ಲೇ ಹಿಡಿದು, ಆ ಹಸಿರು ಏನೆಂದು ಬೆಟ್ಟಮ್ಮನಿಗೆ ಹೇಳಿ. ನಾನು ಬಾಗಿಲಾಚೆ ನಿಂತು ಕೇಳಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮನ್ನು ಪಾಸು ಮಾಡಿ, ಬೆಟ್ಟಮ್ಮನ ಬಾಗಿಲಲ್ಲಿ ತಾನು ಫೇಲಾದ
ಭೂಗೋಳದ ಮೇಷ್ಟ್ರು ದೇವರಾಜ್